ಹಣೆಗೆ ಕಾವಿ

ರಾವೂರ
9 ಜೂನ್ 2024

ಪ್ರೀತಿಯ ಗೆಳತಿ ಅಂಬಿಕಾಳಿಗೆ ಜಗದೇವಿ ಬರೆಯುವುದು.

ನಾವಿಲ್ಲಿ ಎಲ್ಲರೂ ಆರಾಮ. ಆರಾಮ ಅಂತ ರೂಢಿಗೆ ಬರೆದೆ, ನಿಜ ಮುಂದೆ ಬರೆಯುತ್ತೇನೆ. ಅಕ್ಷರ ಸೊಟ್ಟ ಇದ್ದರೆ ನಗಬೇಡ. ವಾಡಿ ಶಾಲೆಯಲ್ಲಿ ನನ್ನ ಪಕ್ಕ ಕುಂತವಳು ನೀನು. ಆರನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಅಪ್ಪನ ಕುರಿಯ ಹಿಂದೆ ಹೋದವಳು ನಾನು. ಆಗ ಬಿಟ್ಟ ಪೆನ್ನು ಈಗಲೂ ಕೈಯಲ್ಲಿ ನಿಲ್ಲುವುದಿಲ್ಲ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನು ನಮ್ಮನೆಯವರ ಅಂಗಿ ಕಿಸೆಯಲ್ಲಿ, ಅವರು ಹಿಂಡಿನ ಜೊತೆ. ಅವರು ಮನೆಯಲ್ಲಿದ್ದಾಗ ಮಾತಾಡೋಣ ಅಂದರೆ ಅತ್ತೆ ಮಾಣಿಕಮ್ಮ ಜೋಳದ ಮೊರ ಹಿಡಿದು ಬಾಗಿಲಲ್ಲೇ ಹಸನು ಮಾಡುತ್ತಾ ಕೂರುತ್ತಾಳೆ. ಕೆಟ್ಟವಳಲ್ಲ. ಕಿವಿ ಮಾತ್ರ ಭಾಳ ಚುರುಕು.

ವಿಷಯ ಏನೆಂದರೆ, ನಾನು ಮುಟ್ಟಾಗಿ ನಾಲ್ಕು ತಿಂಗಳಾಯಿತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ದೇವರು ಕಣ್ಣು ತೆರೆದ ಅಂತ ಅತ್ತೆ ಓಣಿಗೆಲ್ಲ ಹೇಳಿದ್ದಾಳೆ. ನನಗೂ ಖುಷಿಯೇ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಚಿಂತೆ. ಹೊಟ್ಟೆ ಇನ್ನೂ ಚಪ್ಪಟೆ ಇದೆ, ಎದೆಯಲ್ಲಿ ಮಾತ್ರ ಈಗಲೇ ಹಾಲು. ರೊಟ್ಟಿ ಬಡಿಯುವಾಗ ಕುಪ್ಪಸ ಒದ್ದೆಯಾಗುತ್ತದೆ. ಕೂಸು ಬರುವ ಮೊದಲೇ ಹಾಲು ಬರುವುದುಂಟೇ? ಆಶಾ ಕಾರ್ಯಕರ್ತೆ ಹಣಮಮ್ಮ ಕಡ್ಡಿ ತಂದು ಪರೀಕ್ಷೆ ಮಾಡಿದಳು, ಒಂದೇ ಗೆರೆ ಬಂತು. ಅತ್ತೆ ಅವಳ ಮೇಲೆ ಹರಿಹಾಯ್ದಳು.

“ನಿನ್ನ ಕಡ್ಡಿ ಹಳೀದಾಗ್ಯಾದ. ನಾ ನಾಕು ಹಡದೀನಿ, ಯಾವ ಕಡ್ಡಿ ಕೇಳಿ ಹಡದೀನಿ?”

“ಯಮ್ಮಾ, ಒಮ್ಮೆ ಶಹಾಬಾದಿಗರೆ ಕರ್ಕೊಂಡ್ ಹೋಗ್ರಿ” ಅಂದಳು ಹಣಮಮ್ಮ.

“ಬಸರಿ ಕುಬಸದ ಕಾರ್ಯ ಆಗೋತನ ದವಾಖಾನಿ ಹೊಸ್ತಿಲ ತುಳ್ಯಾಕ ಬಿಡಲ್ಲ ನೋಡು.”

ಅತ್ತೆಯ ಹೆಣ್ಣುಮಗಳೊಬ್ಬಳಿಗೆ ದವಾಖಾನೆಗೆ ಹೋಗಿಬಂದ ಮರುದಿನ ಬಸಿರು ಇಳಿದುಹೋಗಿತ್ತಂತೆ. ಅಂದಿನಿಂದ ಅವಳಿಗೆ ಆ ಹೆದರಿಕೆ.

ನೀನು ಪುಣೆಯಲ್ಲಿ ಹಾಲಿನದೇ ಏನೋ ಓದುತ್ತೀ ಅಂತ ಹೋದ ವರ್ಷ ಹೇಳಿದ್ದೆ. ಕೂಸಿಗೆ ಏನೂ ಆಗುವುದಿಲ್ಲ ತಾನೇ? ಇಲ್ಲ ಅಂತ ಒಂದು ಸಾಲು ಬರೆ, ಸಾಕು. ಇದನ್ನು ಟಪಾಲಿಗೆ ಹಾಕಲೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದ್ದೇನೆ.

ನಿನ್ನ,
ಜಗದೇವಿ

*

ಪುಣೆ
24 ಜೂನ್ 2024

ಪ್ರೀತಿಯ ಜಗ್ಗಿ,

ನಿನ್ನ ಅಕ್ಷರ ನೋಡಿ ನಗಲಿಲ್ಲ. ಲಕೋಟೆ ಒಡೆಯುವ ಮೊದಲೇ ನಿನ್ನದೆಂದು ಗೊತ್ತಾಯಿತು. ಇಲ್ಲಿ ನನಗೆ ಪತ್ರ ಬರೆಯುವವರು ಯಾರಿದ್ದಾರೆ?

ನಾನು ಡಾಕ್ಟರಲ್ಲ, ಮೊದಲೇ ಹೇಳಿಬಿಡುತ್ತೇನೆ. ಗಾಜಿನ ತಟ್ಟೆಯಲ್ಲಿ ಜೀವಕೋಶ ಸಾಕುವವಳು. ಆದ್ದರಿಂದ ನೀನು ಕೇಳಿದ ಒಂದು ಸಾಲನ್ನು ನಾನು ಬರೆಯಲಾರೆ. ಕಲಬುರಗಿಗೆ ಹೋಗಿ ರಕ್ತದಲ್ಲಿ ‘ಪ್ರೊಲ್ಯಾಕ್ಟಿನ್’ ಎಷ್ಟಿದೆ ಎಂದು ನೋಡಿಸು. ಚೀಟಿಯಲ್ಲಿ ಬೇರೆ ಬರೆದಿಟ್ಟಿದ್ದೇನೆ, ಅದನ್ನೇ ತೋರಿಸು. ಗಾಬರಿ ಬೇಡ. ಬೇಗ ಹೋಗು, ಅಷ್ಟೇ.

ನನ್ನ ಕೆಲಸ ಏನೆಂದು ಹೇಳುತ್ತೇನೆ, ಆಗ ಅದೇನೆಂದು ನಿನಗೂ ಹೊಳೆಯುತ್ತದೆ. ಮೆದುಳಿನ ಕೆಳಗೆ, ಮೂಗಿನ ಬುಡದ ಹಿಂದೆ, ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ. ಹೆಸರು ಪಿಟ್ಯುಟರಿ. ಎತ್ತರ ಬೆಳೆ, ಮುಟ್ಟಾಗು, ಹಾಲು ಕೊಡು ಎಂದು ಮೈಗೆ ಅಪ್ಪಣೆ ಕಳಿಸುವುದು ಅದೇ. ಆ ಅಪ್ಪಣೆಗಳೇ ಹಾರ್ಮೋನುಗಳು. ಹಾಲಿನ ಅಪ್ಪಣೆಯೇ ಪ್ರೊಲ್ಯಾಕ್ಟಿನ್. ನಾನು ಇಲಿಯ ಪಿಟ್ಯುಟರಿ ಕೋಶಗಳನ್ನು ಸಾಕುತ್ತೇನೆ. ಪ್ರತಿ ಕೋಶದೊಳಗೂ ಡಿಎನ್‌ಎ ಎಂಬ ಒಂದೇ ಪುಸ್ತಕ, ಆದರೆ ಎಲ್ಲ ಕೋಶವೂ ಹಾಲಿನ ಅಪ್ಪಣೆ ಬರೆಯುವುದಿಲ್ಲ. ಯಾಕೆಂದರೆ ಪುಸ್ತಕದ ಕೆಲವು ಸಾಲುಗಳ ಮೇಲೆ ಮಿಥೈಲ್ ಎಂಬ ಸಣ್ಣ ಗುರುತು ಬಿದ್ದಿರುತ್ತದೆ. ಗುರುತು ಬಿದ್ದ ಸಾಲನ್ನು ಕೋಶ ಓದದೆ ದಾಟಿಬಿಡುತ್ತದೆ.

ನಿಮ್ಮ ಹಿಂಡಿನಲ್ಲಿ ಕೆಲವು ಕುರಿಗಳ ಹಣೆಗೆ ಕಾವಿ ಹಚ್ಚಿರುತ್ತೀರಲ್ಲ? ಹಾಗೆ ಅಂದುಕೋ. ಕುರಿ ಅದೇ ಕುರಿ, ಗುರುತು ಕಂಡವರು ಬಿಟ್ಟು ಮುಂದೆ ಹೋಗುತ್ತಾರೆ. ಈ ಗುರುತು ಬೇಡದ ಕಡೆ ಬಿದ್ದರೆ, ಇಲ್ಲವೇ ಬೇಕಾದ ಕಡೆ ಅಳಿಸಿದರೆ, ಹಾಲಿನ ಲೆಕ್ಕ ತಪ್ಪುತ್ತದೆ. ಆಗ ಕೂಸಿಲ್ಲದೆಯೂ ಹಾಲು ಬರಬಹುದು. ನಿನ್ನಲ್ಲೂ ಅಂಥದ್ದೇ ಏನೋ ಇದ್ದೀತು.

ತಲೆನೋವು ಇದೆಯೇ? ಕಣ್ಣು ಹೇಗಿದೆ? ಮರೆಯದೆ ಬರೆ.

ನಿನ್ನ,
ಅಂಬಿಕಾ

*

ರಾವೂರ
18 ಜುಲೈ 2024

ಅಂಬಿಕಾಳಿಗೆ,

ಪತ್ರ ಮುಟ್ಟಿತು. ನೀನು ಬರೆದದ್ದು ತಿಳಿಯಿತು. ಓದಿದವಳು ನೀನು, ಬಳಸಿ ಬರೆದರೂ ನನಗೆ ಅರ್ಥವಾಗುವ ಹಾಗೆ ಬರೆದೆ. ಒಳ್ಳೆಯದಾಯಿತು. ಬೇರೆ ಯಾರಾದರೂ ಹೇಳಿದ್ದರೆ ತಡೆದುಕೊಳ್ಳುತ್ತಿರಲಿಲ್ಲ.

ಕಲಬುರಗಿಗೆ ಹೋಗಲಿಲ್ಲ. ಈಗ ಹೋಗಿ ಏನು ಮಾಡುವುದು? ಇಲ್ಲಿ ಮಳೆ ಹಿಡಿದಿದೆ. ಎರೆ ಹೊಲದ ಕೆಸರಲ್ಲಿ ಕುರಿಯ ಕಾಲು ಕೊಳೆಯುತ್ತದೆ ಅಂತ ನಮ್ಮನೆಯವರು, ಮೈದುನ ಸಂಗಣ್ಣ ಇಬ್ಬರೂ ಹಿಂಡನ್ನು ಚಂದ್ರಂಪಳ್ಳಿ ಕಡೆ ಹೊಡೆದುಕೊಂಡು ಹೋಗಿದ್ದಾರೆ. ಮನೆಯಲ್ಲಿ ಅತ್ತೆ, ನಾನು. ಅತ್ತೆ ಕುಬಸಕ್ಕೆ ದಿನ ನೋಡಿಸಿದ್ದಾಳೆ. ಹಸಿರು ಸೀರೆ ತಂದಿದ್ದಾಳೆ. ದಿನಕ್ಕೆ ನಾಲ್ಕು ಸಲ ಪೆಟ್ಟಿಗೆ ತೆಗೆದು ಅದನ್ನು ಸವರಿ ಮತ್ತೆ ಇಡುತ್ತಾಳೆ. ಆ ಸಪ್ಪಳ ಕೇಳಿದರೆ ನಾನು ಹಿತ್ತಲಿಗೆ ಹೋಗಿಬಿಡುತ್ತೇನೆ.

ಒಂದು ಮಾತು ಕೇಳುತ್ತೇನೆ, ಮುಚ್ಚಿಡದೆ ಹೇಳು. ಆ ಗುರುತು ಹುಟ್ಟುವ ಮೊದಲೇ ಬಿದ್ದಿರುತ್ತದೆಯೋ, ಆಮೇಲೆ ಬೀಳುವುದೋ? ಬಿದ್ದ ಮೇಲೆ ಹೋಗುವುದುಂಟೋ?

ತಲೆನೋವು ಇದ್ದೇ ಇದೆ, ಅದನ್ನೇನು ಬರೆಯುವುದು.

ಜಗದೇವಿ

*

ಪುಣೆ
29 ಜುಲೈ 2024

ಪ್ರೀತಿಯ ಜಗ್ಗಿ,

ಎಂಥ ಪ್ರಶ್ನೆ ಕೇಳಿದ್ದೀಯೇ! ಇಡೀ ಪ್ರಯೋಗಾಲಯ ಅದನ್ನೇ ಕೇಳುತ್ತಾ ಕುಳಿತಿದೆ. ನಮ್ಮ ಮೇಡಂಗೆ ಓದಿ ಹೇಳಿದೆ, ಅವರು ನಿನ್ನನ್ನು ಇಲ್ಲಿಗೆ ಕರೆಸು ಅಂದರು.

ಕೇಳು. ಕೆಲವು ಗುರುತು ತಾಯಿಯ ಹೊಟ್ಟೆಯಲ್ಲಿರುವಾಗಲೇ ಬೀಳುತ್ತವೆ. ಯಾವ ಕೋಶ ಏನಾಗಬೇಕು ಎಂಬುದು ಆಗಲೇ ಗೊತ್ತಾಗುತ್ತದೆ. ಕೆಲವು ಬದುಕಿನ ನಡುವೆ ಬೀಳುತ್ತವೆ. ಬಹಳಷ್ಟು ಕೊನೆಯವರೆಗೂ ಹೋಗುವುದಿಲ್ಲ. ತಟ್ಟೆಯಲ್ಲಿ ಒಂದು ಔಷಧ ಹಾಕಿ ನಾನು ಅವನ್ನು ಅಳಿಸುತ್ತೇನೆ, ಸುಮ್ಮನಿದ್ದ ಕೋಶ ಹಾರ್ಮೋನು ಸುರಿಸಲು ಶುರುಮಾಡುತ್ತದೆ. ಆದರೆ ಅಳಿಸುವಾಗ ಅರ್ಧದಷ್ಟು ಕೋಶಗಳು ಸತ್ತೇ ಹೋಗುತ್ತವೆ. ಇದೇ ನನ್ನ ಈ ವರ್ಷದ ಗೋಳು.

ಆದರೆ ರಕ್ತ ಪರೀಕ್ಷೆಯ ಮಾತನ್ನು ಹಾರಿಸಿದ್ದೀ. ಮಳೆ ನಿಂತ ಕೂಡಲೇ ಹೋಗು. ಇನ್ನೊಂದು ಮಾತು ಬರೆಯಬೇಕೆಂದು ಹೊರಟೆ, ಕೈ ಬರಲಿಲ್ಲ. ಪರೀಕ್ಷೆ ಆಗಲಿ, ಆಮೇಲೆ ಬರೆಯುತ್ತೇನೆ.

ಅಂಬಿಕಾ

*

ರಾವೂರ
2 ಸೆಪ್ಟೆಂಬರ್ 2024

ಅಂಬಿಕಾ,

ನಿನ್ನ ಪತ್ರ ಬಂದಾಗಿನಿಂದ ಬರೆಯಬೇಕು ಬರೆಯಬೇಕು ಅಂತ ಇಟ್ಟುಕೊಂಡು ಇವತ್ತಿಗೆ ಕುಂತೆ. ಒಂದು ಸಾಲು ಬರೆದು ಮತ್ತೆ ಹರಿದು ಹಾಕಿದೆ.

ಕುಬಸ ಆಯಿತು. ಮೂರು ಓಣಿಯ ಹೆಂಗಸರು ಬಂದಿದ್ದರು. ಬಳೆಗಾರ ಖಾಜಾಮಿಯಾನನ್ನು ಮನೆಗೇ ಕರೆಸಿದ್ದಳು ಅತ್ತೆ. ನಾನು ಕೈ ಚಾಚಿದೆ.

“ತಂಗೀ, ಆಕಡಿ ಯಾರಿಗಿ ಕೈ ಕೊಡ್ಲಿಕತ್ತೀ? ನಾ ಇತ್ತಾಗ ಕುಂತೀನಿ” ಅಂದ ಮುದುಕ. ಎಲ್ಲರೂ ನಕ್ಕರು.

“ಬಸರಿ ಹೆಂಗಸಲಾ, ಗಂಡ ಬಂದನೇನು ಅಂತ ಹಾದಿ ನೋಡ್ತಾಳ” ಅಂದಳು ಆಚೆಮನೆಯ ಮಾಳಮ್ಮ.

ಮುಖ ಪೂರ್ತಿ ತಿರುಗಿಸಿದ ಮೇಲೆ ಅವನು ಕಂಡ. ಆರತಿ ಎತ್ತುವಾಗಲೂ ಹಾಗೇ, ಬಲಗಡೆ ತಟ್ಟೆ ಹಿಡಿದು ನಿಂತವಳಿಗೆ ನನ್ನ ಮೊಣಕೈ ತಾಗಿ ಎಣ್ಣೆ ಚೆಲ್ಲಿತು. ಈಗೀಗ ಹೀಗೇ ಆಗುತ್ತದೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತದೆ, ಮೇಕೆ ಮಗ್ಗುಲಿಗೆ ಬಂದು ಹಾಯ್ದರೂ ಹಾಯ್ದ ಮೇಲೇ ಗೊತ್ತಾಗುವುದು. ಮನಸ್ಸು ನೆಟ್ಟಗಿಲ್ಲದವಳಿಗೆ ಮತ್ತೇನಾಗುತ್ತದೆ.

ಹಸಿರು ಬಳೆ ಕೈ ತುಂಬ ಹಾಕಿದರು. ಉಡಿ ತುಂಬಿದರು, ಮೊದಲ ಬಸಿರಿಗೆ ಹೊಟ್ಟೆ ಕಾಣುವುದು ತಡ ಅಂತ ತಾವೇ ಅಂದುಕೊಂಡರು. ಅತ್ತೆ ಕಣ್ಣೊರೆಸಿಕೊಂಡಳು. ನಾನು ನೆಲ ನೋಡುತ್ತಾ ಕುಂತಿದ್ದೆ. ಹೊಟ್ಟೆಯಲ್ಲಿ ಏನೂ ಇಲ್ಲ ಅಂಬಿಕಾ. ನಿನ್ನ ಮೊದಲ ಪತ್ರ ಓದಿದ ದಿನದಿಂದ ನನಗೆ ಗೊತ್ತು. ಗೊತ್ತಿದ್ದೂ ಉಡಿಯೊಡ್ಡಿದೆ. ಅತ್ತೆಯ ಮುಖ ನೋಡಿ ಬಾಯಿ ಬರಲಿಲ್ಲ.

ನಮ್ಮ ಮನೆಯಲ್ಲಿ ಹಣೆಗೆ ಕಾವಿ ಹಚ್ಚುವುದು ದೇವರಿಗೆ ಬಿಟ್ಟ ಕುರಿಗೆ. ನಿನಗದು ಗೊತ್ತಿದ್ದೇ ಬರೆದಿರುತ್ತೀ. ಅದನ್ನು ಟಗರಿನ ಹತ್ತಿರ ಬಿಡುವುದಿಲ್ಲ, ಮಾರುವುದಿಲ್ಲ, ಅದಕ್ಕೆ ಹಾಲು ಬಂದರೂ ಯಾರೂ ಕರೆಯುವುದಿಲ್ಲ, ಹರಿದು ಮಣ್ಣಿಗೆ ಹೋಗಬೇಕು. ನನ್ನದೂ ಅಂಥದ್ದೇ ಹಾಲು. ಕೊನೆಯವರೆಗೂ ಹೋಗುವುದಿಲ್ಲ, ಅಳಿಸಿದರೆ ಸಾಯುತ್ತದೆ ಅಂತ ನೀನೇ ಬರೆದೆ. ದೇವರು ತನಗೆ ಅಂತ ಇಟ್ಟುಕೊಂಡಿದ್ದನ್ನು ಒಬ್ಬ ಗಂಡಸಿಗೆ ಕಟ್ಟಿ ಒಂಬತ್ತು ವರ್ಷ ಅವರ ಮನೆ ಬರಿದು ಮಾಡಿದೆವಲ್ಲ ಅನ್ನಿಸುತ್ತದೆ.

ಕುಬಸದ ಸಂಜೆ ನಮ್ಮನೆಯವರು ಬಂದಿದ್ದರು. ಹೋಗುವಾಗ ಹಿತ್ತಲಲ್ಲಿ ಹೇಳಿದೆ.

“ಸುಲೇಪೇಟದ ದಾನಮ್ಮನ್ನ ತಂದುಕೋರಿ.” ದಾನಮ್ಮ ಅಂದರೆ ಅತ್ತೆಯ ತಮ್ಮ ಅಂಬಾರಾಯನ ಮಗಳು.

“ಎದಕ್ಕ? ನಿನ್ನ ಬಾಣಂತನಕ್ಕಾ?”

“ಹೆಣ್ತಿ ಅಂತ.”

ಅವರು ಬಿದ್ದು ಬಿದ್ದು ನಕ್ಕರು. “ಬಸರಾದ್ರ ಹುಳಿ ಬೇಡ್ತಾರ, ಮಾವಿನಕಾಯಿ ಬೇಡ್ತಾರ. ನೀ ಸವತಿ ಬೇಡ್ಲಿಕತ್ತೀ!” ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ತಲಿ ಕೆಟ್ಟದೇನು ನಿಂದು? ಮನಕೋ ಹೋಗು” ಅಂದು ಬಸ್ಸಿಗೆ ಹೋದರು.

ಇನ್ನೊಂದು ತಿಂಗಳು ಹೇಗೋ ತಳ್ಳಬಹುದು. ಆಮೇಲೆ ಅತ್ತೆ ಎಣಿಸತೊಡಗುತ್ತಾಳೆ. ಅಷ್ಟರೊಳಗೆ ನಾನೇ ತೌರಿಗೆ ಹೋಗಿಬಿಟ್ಟರೆ ಚೆಂದ. ನಿನ್ನ ಮೇಲೆ ನನಗೆ ಏನೂ ಸಿಟ್ಟಿಲ್ಲ.

ಜಗದೇವಿ

*

ಪುಣೆ
9 ಸೆಪ್ಟೆಂಬರ್ 2024

ಜಗ್ಗಿ,

ಎಲ್ಲಿಗೂ ಹೋಗಬೇಡ. ತೌರಿಗೂ ಬೇಡ. ಈ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ. ಇದು ಮುಟ್ಟುವ ಮೊದಲೇ ನಿನ್ನ ಗಂಡ ಬೀರಲಿಂಗಣ್ಣ ಬಂದಿರಬೇಕು, ಅವನಿಗೆ ಫೋನ್ ಮಾಡಿದ್ದೇನೆ. “ಅವಳ ಕಣ್ಣಿಗೆ ಅಪಾಯ ಇದೆ, ನಾಳೆಯೇ ಕಲಬುರಗಿಗೆ ಕರೆದುಕೊಂಡು ಹೋಗು” ಅಂತ ಮಾತ್ರ ಹೇಳಿದೆ. ಉಳಿದದ್ದು ನಿನ್ನದು, ನೀನೇ ಹೇಳಬೇಕು.

ಕಾವಿಯ ಅರ್ಥ ನನಗೆ ಗೊತ್ತಿರಲಿಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು, ಕಿಟಕಿಯಿಂದ ಹಿಂಡು ನೋಡಿದ್ದೆ ಅಷ್ಟೇ. ಯಾರ ಕುರಿ ಯಾವುದು ಎಂದು ತಿಳಿಯಲು ಹಚ್ಚುತ್ತಾರೆ ಅಂದುಕೊಂಡಿದ್ದೆ. ನಾನು ಹೇಳಿದ ಗುರುತನ್ನು ಹಚ್ಚುವ ಕೈ ಯಾವುದೂ ಇಲ್ಲ. ದೇವರದೂ ಅಲ್ಲ, ಪಾಪದ್ದೂ ಅಲ್ಲ. ಕೋಶ ತನ್ನ ಕೆಲಸದ ನಡುವೆ ತಾನೇ ಹಾಕಿಕೊಳ್ಳುತ್ತದೆ. ನನ್ನಲ್ಲೂ ಇದೆ, ನಿನ್ನ ಅತ್ತೆಯಲ್ಲೂ ಇದೆ, ನಿಮ್ಮ ಮೇಕೆಯಲ್ಲೂ ಇದೆ.

ಕೈ ಬರಲಿಲ್ಲ ಅಂದ ಮಾತು ಇದು. ನಿನ್ನ ಪಿಟ್ಯುಟರಿಯಲ್ಲಿ ಒಂದು ಸಣ್ಣ ಗೆಡ್ಡೆ ಇರಬಹುದು ಎಂದು ಮೊದಲ ಪತ್ರದಲ್ಲೇ ಸಂಶಯ ಬಂದಿತ್ತು. ಕ್ಯಾನ್ಸರ್ ಅಲ್ಲ. ಹಾಲಿನ ಅಪ್ಪಣೆಯನ್ನು ಅದು ಸುಮ್ಮನೆ ಸುರಿಸುತ್ತಿರುತ್ತದೆ, ಅದಕ್ಕೇ ಹಾಲು, ಅದಕ್ಕೇ ಮುಟ್ಟು ನಿಂತದ್ದು. ಒಂಬತ್ತು ವರ್ಷದ ಮೇಲೆ ಬಂದ ಖುಷಿಯನ್ನು ನಾನೇ ಮುರಿಯಬೇಕಲ್ಲ ಎಂದು ಗುರುತಿನ ಕತೆ ಹೇಳುತ್ತಾ ಕುಳಿತೆ. ಗೆಡ್ಡೆ ಬೆಳೆದರೆ ಅದರ ಮೇಲೆಯೇ ಹಾದುಹೋಗುವ ಕಣ್ಣಿನ ನರ ಒತ್ತಿಕೊಳ್ಳುತ್ತದೆ. ಆಗ ಎದುರಿನದು ಕಾಣುತ್ತದೆ, ಎರಡೂ ಮಗ್ಗುಲು ಕಾಣುವುದಿಲ್ಲ. ಖಾಜಾಮಿಯಾ ಕಾಣದಿದ್ದುದು ನಿನ್ನ ಮನಸ್ಸಿನಿಂದಲ್ಲ, ಇದರಿಂದ.

ಇದಕ್ಕೆ ಗುಳಿಗೆ ಇದೆ. ಹೆಚ್ಚಿನವರಿಗೆ ಗುಳಿಗೆಯಲ್ಲೇ ಕುಗ್ಗುತ್ತದೆ. ತಡಮಾಡಿದರೆ ಹೋದ ದೃಷ್ಟಿ ಹೋದದ್ದೇ. ಹೊರಡು.

ಅಂಬಿಕಾ

*

ರಾವೂರ
22 ಸೆಪ್ಟೆಂಬರ್ 2024

ಪ್ರೀತಿಯ ಅಂಬಿಕಾಳಿಗೆ,

ನಿನ್ನ ಪತ್ರದ ಮೊದಲೇ ಅವರು ಬಂದರು. ಹಿಂಡನ್ನು ಸಂಗಣ್ಣನಿಗೆ ಬಿಟ್ಟು, ಸುಲೇಪೇಟದಿಂದ ಸಿಕ್ಕ ಬಸ್ಸು ಹತ್ತಿ, ಕಂಬಳಿ ಹೆಗಲ ಮೇಲೇ ಇತ್ತು. ಅತ್ತೆಗೆ “ಕಣ್ಣಿನ ದವಾಖಾನಿ ಅಷ್ಟೇ, ಹೆರಿಗೀದಲ್ಲ” ಅಂತ ಆಣೆ ಹಾಕಿ ಕರೆದುಕೊಂಡು ಹೋದರು.

ದೊಡ್ಡ ಕೊಳವೆಯಂಥ ಮಷೀನಿನಲ್ಲಿ ಮಲಗಿಸಿದರು. ಕ್ವಾರಿಯಲ್ಲಿ ಫರ್ಸಿ ಕಲ್ಲು ಕೊಯ್ಯುವ ಸಪ್ಪಳ ಒಳಗೆಲ್ಲ. ಇನ್ನು ಹೊರಗೆ ಬರುವುದಿಲ್ಲ ಅಂದುಕೊಂಡು ಅತ್ತೆಯ ಹೆಸರು, ಅವರ ಹೆಸರು, ನಿನ್ನ ಹೆಸರು ಎಲ್ಲ ಹೇಳಿಕೊಂಡೆ. ಡಾಕ್ಟರಮ್ಮ ಪಟ ತೋರಿಸಿದಳು. ಬಟಾಣಿಯಷ್ಟು ಇರಬೇಕಾದದ್ದು ಬೋರೆಹಣ್ಣಿನಷ್ಟು ಆಗಿದೆ ಅಂದಳು. ನಾನು ಕೇಳಿಬಿಟ್ಟೆ.

“ಅಮ್ಮಾರ, ನಂಗ ಹುಟ್ಟೋಕಿಂತ ಮೊದ್ಲೇ ಗುರುತು ಬಿದ್ದಿತ್ತೇನ್ರಿ?”

“ಯಾವ ಗುರುತು? ಯಾರು ಹೇಳ್ಯಾರ?”

“ಮಿಥೈಲ್ ಅಂತ್ರಿ. ನನ್ನ ಗೆಳತಿ ಪುಣಾದಾಗ ಸೈಂಟಿಸ್ಟ್ ಇದಾಳ್ರಿ.”

ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. “ನಿನ್ನ ಗೆಳತಿಗಿ ಹೇಳು, ಇಲಿ ಕತಿ ಇಲಿಗೇ ಹೇಳ್ಲಿ. ನೀ ವಾರಕ್ಕ ಎರಡು ಗುಳಗಿ ನುಂಗು, ಸಾಕು.” ಸಿಟ್ಟಾಗಬೇಡ ಅಂಬಿಕಾ. ಅವಳು ಅಂದದ್ದನ್ನೇ ಬರೆದಿದ್ದೇನೆ. ನನಗೆ ಆಗ ಬಹಳ ದಿನದ ಮೇಲೆ ನಗು ಬಂತು.

ಬಸ್ ಸ್ಟ್ಯಾಂಡಿನಲ್ಲಿ ಅವರು ಚಾ ತಂದುಕೊಟ್ಟು ಪಕ್ಕ ಕುಂತರು. ನಾನೇ ಅಂದೆ, “ಕೂಸಿಲ್ಲರಿ.”

“ಕೇಳಿಸ್ತು.”

“ದಾನಮ್ಮ...”

“ನಿನ್ನ ಕಣ್ಣ ಹೋಗಿದ್ರ ಏನ್ ಮಾಡ್ತಿದ್ದಿ? ಕುರಿ ಹಿಂಡಿನ್ಯಾಗ ನನ್ನ ಹೆಂಗ್ ಹುಡುಕ್ತಿದ್ದಿ?” ಅಂದರು. ಆಮೇಲೆ ಚಾ ಆರಿತು ಅಂತ ಅಂಗಡಿಯವನ ಮೇಲೆ ಸುಮ್ಮನೆ ಜಗಳ ತೆಗೆದರು.

ಇಷ್ಟೆಲ್ಲ ಗಟ್ಟಿ ಮನುಷ್ಯ, ಅವ್ವನ ಮುಂದೆ ಬಾಯಿ ಬಿಡಲಿಲ್ಲ. “ಹೆಂಗಸರ ಮಾತು, ನೀನೇ ಹೇಳು” ಅಂತ ಮರುದಿನವೇ ಹಿಂಡಿಗೆ ಓಡಿಹೋದರು. ನಾನು ಇನ್ನೂ ಹೇಳಿಲ್ಲ. ಅತ್ತೆ ಬಾಣಂತನಕ್ಕೆ ಅಂತ ಅಂಟು, ಉತ್ತತ್ತಿ, ಒಣಕೊಬ್ಬರಿ ಡಬ್ಬಿ ತುಂಬಿಸಿ ಇಡುತ್ತಿದ್ದಾಳೆ. ಗುಳಿಗೆ ಕಣ್ಣಿನದು ಅಂತ ನುಂಗುತ್ತಿದ್ದೇನೆ. ಹೇಳಿದ ಮೇಲೆ ಅವಳೇ ದಾನಮ್ಮನನ್ನು ತಂದರೆ? ಮೊದಲು ನಾನೇ ತಂದುಕೋರಿ ಅಂದವಳು. ಈಗ ಅವಳು ಬರುವುದು ನನಗೆ ಬೇಡ. ನೀನೇ ಅತ್ತೆಗೆ ಒಂದು ಪತ್ರ ಬರೆಯುತ್ತೀಯಾ? ನಾನೇ ಅವಳಿಗೆ ಓದಿ ಹೇಳಿಬಿಡುತ್ತೇನೆ.

ಜಗದೇವಿ

*

ಪುಣೆ
3 ಅಕ್ಟೋಬರ್ 2024

ಪ್ರೀತಿಯ ಜಗ್ಗಿ,

ಡಾಕ್ಟರಮ್ಮ ಅಂದದ್ದು ಸರಿಯಾಗಿಯೇ ಇದೆ. ಅವರ ಮಾತನ್ನು ಮೇಡಂಗೂ ಹೇಳಿದೆ, ಅವರು ಎರಡು ದಿನ ನಕ್ಕರು.

ನಿನ್ನ ಅತ್ತೆಗೆ ನಾನು ಬರೆಯುವುದಿಲ್ಲ. ನಾನು ಬರೆದರೆ ಮತ್ತೆ ಏನೋ ಹೋಲಿಕೆ ಕೊಟ್ಟು ಕೆಡಿಸುತ್ತೇನೆ. ಮೂರೇ ಮಾತು ಹೇಳು. ಕೂಸಿಲ್ಲ. ಕಾಯಿಲೆ ಇತ್ತು. ಔಷಧ ಸಿಕ್ಕಿದೆ. ನಾಲ್ಕನೆಯ ಮಾತು ಸೇರಿಸಬೇಡ, ಕ್ಷಮೆ ಕೇಳಬೇಡ. ದಾನಮ್ಮನ ಹೆಸರನ್ನು ನೀನಾಗಿ ಎತ್ತಬೇಡ.

ನಿನ್ನ ಗೆಡ್ಡೆಗೂ ನಾನು ನೋಡುವ ಗುರುತಿಗೂ ಸಂಬಂಧ ಇದೆಯೋ ಇಲ್ಲವೋ ನನಗೆ ತಿಳಿಯದು. ಕೆಲವರ ಗೆಡ್ಡೆಯಲ್ಲಿ ಕಾಣಿಸಿದೆ, ಕೆಲವರಲ್ಲಿ ಇಲ್ಲ. ಮೊದಲ ಪತ್ರದಲ್ಲಿ ‘ನಿನ್ನಲ್ಲೂ ಅಂಥದ್ದೇ ಏನೋ ಇದ್ದೀತು’ ಎಂದು ಯಾವ ಧೈರ್ಯದಿಂದ ಬರೆದೆನೋ. ಮುಂದೆ ಮಗುವಾಗುತ್ತದೆಯೇ ಎಂದು ನೀನು ಕೇಳಿಲ್ಲ. ಆಗಬಹುದು, ಎಷ್ಟೋ ಜನರಿಗೆ ಆಗಿದೆ. ಆಗುತ್ತದೆ ಎಂದು ನಾನು ಬರೆಯುವುದಿಲ್ಲ.

ಗುಳಿಗೆ ತಪ್ಪಿಸಬೇಡ.

ಅಂಬಿಕಾ

*

ರಾವೂರ
15 ಡಿಸೆಂಬರ್ 2024

ಪ್ರೀತಿಯ ಅಂಬಿಕಾ,

ಇಷ್ಟು ದಿನ ಬರೆಯಲಿಲ್ಲ ಅಂತ ನೀನು ಏನೇನೋ ಅಂದುಕೊಂಡಿರುತ್ತೀ. ನನ್ನ ಚಿಂತೆಯನ್ನೆಲ್ಲ ನಿನಗೆ ದಾಟಿಸಿ ನಾನು ಸುಮ್ಮನಿದ್ದೆ, ತಪ್ಪು ತಿಳಿಯಬೇಡ.

ಅತ್ತೆಗೆ ಹೇಳಿದೆ. ರೊಟ್ಟಿ ಬಡಿಯುತ್ತಾ ಹಂಚಿನ ಕಡೆ ನೋಡಿಯೇ ಹೇಳಿದೆ. ನೀನಂದ ಮೂರು ಮಾತು. ಆಮೇಲೆ ರೊಟ್ಟಿ ಹೊತ್ತಿತು. ಅವಳು ಬಂದು ಅದನ್ನು ತಿರುವಿ ಹಾಕಿ ಹೊರಗೆ ಹೋದಳು. ಸುಮಾರು ದಿನ ಮಾತಿಲ್ಲ. ಉಣ್ಣು ಅಂದರೆ ಉಣ್ಣುತ್ತಾಳೆ, ನನ್ನ ಕಡೆ ನೋಡುವುದಿಲ್ಲ. ಒಂದು ಸಲ ಗೋಡೆಗೆ ಹೇಳಿದ ಹಾಗೆ ಹೇಳಿದಳು, “ಊರಿಗೆಲ್ಲಾ ಊಟ ಹಾಕೀನಿ. ಯಾವ ಮಾರಿ ಹೊತ್ಕೊಂಡು ನೀರಿಗಿ ಹೋಗ್ಲಿ?”

ನಳದ ಹತ್ತಿರ ಮಾಳಮ್ಮ ಬಿಟ್ಟಾಳೆಯೇ? “ಮಾಣಿಕಮ್ಮಾ, ತೊಟ್ಟಿಲಾ ಯಾವಾಗ ತರ್ತೀ? ನಾ ಹಾಡ ಕಲೀಲಿಕತ್ತೀನಿ” ಅಂದಳು. ನಾನು ಕೊಡ ಹಿಡಿದು ಹಿಂದೆಯೇ ನಿಂತಿದ್ದೆ.

“ನಿನ್ನ ದನಿಗಿ ಕೂಸು ಹೊಟ್ಟ್ಯಾಗೇ ಅಂಜಿ ಕುಂತದ, ಹೊರಗ ಬರಲ್ಲಂತ. ನೀರ ಹಿಡಿ ಸುಮ್ಮ” ಅಂದಳು ಅತ್ತೆ. ಮನೆಗೆ ಬಂದ ಮೇಲೆ ಮತ್ತೆ ಮಾತಿಲ್ಲ. ಅವಳು ನನ್ನ ಕಡೆಗೋ ಅಲ್ಲವೋ, ಏನು ತಿಳಿಯಲಿ?

ದೀಪಾವಳಿ ಆದ ಮೇಲೆ ಅಂಬಾರಾಯ ಮಾವ ಸುಲೇಪೇಟದಿಂದ ಬಂದ. ಸುದ್ದಿ ಕೇಳಿಯೇ ಬಂದಿದ್ದ. ನಾನು ಅಡಿಗೆಮನೆಯಲ್ಲಿ ಚಾ ಸೋಸುತ್ತಿದ್ದೆ.

“ಅಕ್ಕಾ, ನಾ ಏನ್ ಬಾಯಿ ಬಿಟ್ಟು ಹೇಳೋದು. ದಾನಮ್ಮ ನಿನ್ನ ಕೈಯಾಗ ಬೆಳದಾಕಿ. ಇಬ್ಬರೂ ಅಕ್ಕತಂಗೇರಂಗ ಇರ್ತಾರ.”

“ನೋಡಾಮು” ಅಂದಳು ಅತ್ತೆ.

ಅಷ್ಟೇ. ಇಲ್ಲ ಅನ್ನಲಿಲ್ಲ. ಆ ‘ನೋಡಾಮು’ ನನ್ನ ತಲೆಯಲ್ಲಿ ಕುಂತು ಎಷ್ಟು ದಿನ ನಿದ್ದೆ ತಿಂದಿತು ಅಂತ ನಿನಗೆ ಹೇಳಲಾರೆ. ನಮ್ಮನೆಯವರಿಗೆ ಹೇಳಿದರೆ “ನಾ ಒಲ್ಲೆ ಅಂದ ಮ್ಯಾಲ ಮುಗೀತಲಾ” ಅನ್ನುತ್ತಾರೆ. ಅವರು ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುವವರು. ಮನೆಯಲ್ಲಿ ಇರುವುದು ನಾನು, ಅತ್ತೆ.

ಹೋದ ಮಂಗಳವಾರ ಕಲಬುರಗಿಯಲ್ಲಿ ತೋರಿಸುವುದಿತ್ತು. ಅವರು ಹಿಂಡು ಬಿಟ್ಟು ಬರಲಾಗಲಿಲ್ಲ. ಒಬ್ಬಳೇ ಹೋಗುತ್ತೇನೆ ಅಂತ ಚೀಲ ತೆಗೆದುಕೊಂಡೆ. ಅತ್ತೆ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತಾ ಬಂದು ಕಾಲಿಗೆ ಚಪ್ಪಲಿ ಮೆಟ್ಟಿದಳು. ದವಾಖಾನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು, ಆಮೇಲೆ ನನಗಿಂತ ಮುಂದೆ ಒಳಗೆ ಹೋದಳು. ಡಾಕ್ಟರಮ್ಮ ನನ್ನ ಎದುರು ಕುಂತು ಬೆರಳು ಆಡಿಸಿ ಆಡಿಸಿ ನೋಡಿದಳು. ಗೆಡ್ಡೆ ಕುಗ್ಗುತ್ತಿದೆ, ಕಣ್ಣು ತಿರುಗಿ ಬರುತ್ತಿದೆ ಅಂದಳು. ಹಾಲು ನಿಂತಿದೆ, ಹೋದ ತಿಂಗಳು ಮುಟ್ಟಾಗಿದ್ದೇನೆ. ಗುಳಿಗೆ ಇನ್ನೂ ಬಹಳ ದಿನ ನುಂಗಬೇಕಂತೆ.

ಅತ್ತೆ ಎಲ್ಲ ಕೇಳಿಸಿಕೊಂಡಳು. ಅವಳು ಕೇಳಿದ್ದು ಒಂದೇ, “ಗುಳಗಿ ಉಂಡ ಮ್ಯಾಲ ನುಂಗಬೇಕೋ, ಖಾಲಿ ಹೊಟ್ಟಿಲೋ?”

ತಿರುಗಿ ಬರುವಾಗ ಶಹಾಬಾದ್ ದಾಟುವವರೆಗೆ ಬಸ್ಸು ಇಡಿಕಿರಿದಿತ್ತು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಮ್ಮ ಸೀಟಿಗೇ ಒತ್ತಿಕೊಂಡು ಕುಂತಳು. ಆ ಕಡೆ ಅವಳು, ನಡುವೆ ಅತ್ತೆ, ಕಿಟಕಿಗೆ ನಾನು. ಊರು ಯಾವುದು, ಹೊಲ ಎಷ್ಟು, ಎಲ್ಲ ಕೇಳಿದ ಮೇಲೆ ನನ್ನ ಕೈ ನೋಡಿದಳು.

“ಇಕಿ ಸೊಸಿ ಏನ್ರಿ? ಎಷ್ಟು ಮಕ್ಳು?”

ನಾನು ನೇರ ಮುಂದೆ, ಡ್ರೈವರನ ಗಾಜಿನ ಕಡೆ ನೋಡಿದೆ. ಎದುರಿಗೆ ಫರ್ಸಿ ತುಂಬಿದ ಲಾರಿ ಬಂತು, ಹೋಯಿತು.

“ನಂಗೇನು ಕೇಳ್ತೀ?” ಅಂದಳು ಅತ್ತೆ. “ಮನ್ಯಾಗ ಇಕಿ ಒಬ್ಬಾಕೇ ಇದಾಳ ನೋಡವ್ವಾ. ಇಕಿನ್ನೇ ನೆಟ್ಟಗ ಮಾಡ್ಕೊಂಡ್ ಹೊಂಟೀನಿ. ಇನ್ನೊಬ್ಬಾಕಿನ್ನ ತಂದು ನಾ ಎಲ್ಲಿ ಸಾಕ್ಲಿ?”

ಆ ಹೆಂಗಸಿಗೆ ಏನೂ ತಿಳಿಯಲಿಲ್ಲ. ಅತ್ತೆ ಅದನ್ನು ಅವಳಿಗೆ ಹೇಳಿರಲಿಲ್ಲ. ನಾನು ತಲೆ ತಿರುಗಿಸಲಿಲ್ಲ ಅಂಬಿಕಾ. ಮುಂದಿನ ಗಾಜಿನ ಕಡೆಗೇ ಮುಖ ಇಟ್ಟುಕೊಂಡು ಕುಂತಿದ್ದೆ. ಆದರೂ ಪಕ್ಕದಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು.

ನಿನ್ನ,
ಜಗದೇವಿ